ಬೇಸಿಗೆ ರಜೆ, ಬೀಗ ಹಾಕಿದ ಮನೆ ಮತ್ತು ಸಾಕಿದ ಹಾವು

ಏಪ್ರಿಲ್ ಬಂದು ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ದಾವಣಗೆರೆ, ಚಿತ್ರದುರ್ಗದ ಬಡಾವಣೆಗಳಲ್ಲಿ ಒಂದೊಂದೇ ಮನೆಗೆ ಬೀಗ ಬೀಳುತ್ತದೆ. ಕುಟುಂಬಗಳು ಅಜ್ಜಿಯ ಊರಿಗೋ, ಧರ್ಮಸ್ಥಳ–ಶೃಂಗೇರಿಗೋ, ಮಲೆನಾಡಿನ ಕಡೆಗೋ ಹೊರಡುತ್ತವೆ. ನಾಯಿ ಸಾಕಿದವರು ಅದನ್ನು ಯಾರ ಮನೆಯಲ್ಲಿ ಬಿಡುವುದೆಂದು ಮೊದಲೇ ಯೋಚಿಸಿರುತ್ತಾರೆ. ಬೆಕ್ಕಿದ್ದವರು ಪಕ್ಕದ ಮನೆಯವರಿಗೆ ಹಾಲು–ಅನ್ನದ ಲೆಕ್ಕ ಹೇಳಿ ಹೋಗುತ್ತಾರೆ. ಹಾವು ಸಾಕಿದ ಕೆಲವೇ ಮನೆಗಳವರಿಗೆ ಮಾತ್ರ ಕೇಳಿ ತಿಳಿದುಕೊಳ್ಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಹಾವು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು, ಆದ್ದರಿಂದ ಪೆಟ್ಟಿಗೆ ಮುಚ್ಚಿ ನಿಶ್ಚಿಂತೆಯಿಂದ ಹೋಗಬಹುದು ಎನ್ನುವವರು ಕೆಲವರು. ಎರಡು ದಿನ ನೋಡದಿದ್ದರೆ ಸತ್ತೇಹೋಗುತ್ತದೆ ಎಂದು ಪ್ರವಾಸವನ್ನೇ ಕೈಬಿಡುವವರು ಇನ್ನು ಕೆಲವರು.

ಹಾವಿನ ದೇಹ ಕೆಲಸ ಮಾಡುವ ಕ್ರಮವನ್ನು ಅರಿತರೆ ಈ ಎರಡೂ ಊಹೆಗಳು ಎಲ್ಲಿ ತಪ್ಪುತ್ತವೆ ಎಂಬುದು ಸ್ಪಷ್ಟವಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಮನೆಯಲ್ಲೇ ಉಳಿದ ಹಾವಿಗೆ ಕುತ್ತು ಬರುವುದು ಬಹುಮಟ್ಟಿಗೆ ಎರಡು ಕಡೆಯಿಂದ: ಕಿಟಕಿ ಮುಚ್ಚಿದ ಮನೆಯೊಳಗಿನ ಸೆಖೆಯಿಂದ ಮತ್ತು ಬತ್ತಿಹೋದ ನೀರಿನ ಬಟ್ಟಲಿನಿಂದ. ಹಸಿವಿನ ಸರದಿ ಅವುಗಳ ಬಹಳ ಹಿಂದೆ ಬರುತ್ತದೆ.

ಇದು ಯಾವ ಹಾವಿನ ವಿಷಯ

ಮೊದಲಿಗೆ ಕಾನೂನಿನ ಮಾತನ್ನು ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ನಾಗರಹಾವು, ಕೇರೆ, ಹೆಬ್ಬಾವು, ಅದೃಷ್ಟ ತರುತ್ತದೆಂಬ ಮೂಢನಂಬಿಕೆಯಿಂದ ಕಳ್ಳಸಾಗಣೆಗೆ ಬಲಿಯಾಗುವ ಮಣ್ಣುಮುಕ್ಕ ಹಾವು, ಇವೆಲ್ಲ ಕಾಡಿನ ಜೀವಿಗಳು. ಇವುಗಳನ್ನು ಹಿಡಿಯುವುದೂ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. ಅಂಥ ಹಾವು ಮನೆಯಲ್ಲಿದ್ದರೆ ರಜೆಯ ವ್ಯವಸ್ಥೆಯ ಪ್ರಶ್ನೆಯೇ ಏಳುವುದಿಲ್ಲ, ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಈ ಲೇಖನ ಇರುವುದು ಹೊರದೇಶದ ಮೂಲದ, ವಿಷವಿಲ್ಲದ ಸಾಕುಹಾವುಗಳ ಬಗ್ಗೆ. ಇವುಗಳಲ್ಲಿ ಹೆಚ್ಚಾಗಿ ಕಾಣುವವು ಎರಡು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬುದು ಮೂರರಿಂದ ಐದು ಅಡಿ ಬೆಳೆಯುವ, ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವ ಸಣ್ಣ ಹೆಬ್ಬಾವು. ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್ ತೆಳ್ಳಗಿನ, ಚುರುಕಾದ, ಕೇಸರಿ–ಕೆಂಪು ಬಣ್ಣದ ಹಾವು. ಎರಡೂ ಒಳ್ಳೆಯ ಆರೈಕೆಯಲ್ಲಿ ಇಪ್ಪತ್ತು ವರ್ಷ ಬದುಕಬಲ್ಲವು.

ಬಾಲ್ ಪೈಥಾನ್ ಸೇರಿದಂತೆ ಹೆಬ್ಬಾವಿನ ಜಾತಿಗಳೆಲ್ಲ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಅಳಿವಿನ ಭಯವಿರುವ ಪ್ರಾಣಿ–ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದವದು. 2022ರಲ್ಲಿ ನಮ್ಮ ಕಾಯ್ದೆಗೆ ತಿದ್ದುಪಡಿಯಾದಾಗ ಈ ಪಟ್ಟಿಯ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಯಲ್ಲಿ ಸೇರಿಸಲಾಯಿತು. 2024ರಲ್ಲಿ ಬಂದ ನಿಯಮಗಳಂತೆ ಅವುಗಳನ್ನು ಇಟ್ಟುಕೊಂಡವರು ಪರಿವೇಶ್ ಎಂಬ ಸರ್ಕಾರಿ ಜಾಲತಾಣದ ಮೂಲಕ ನೋಂದಾಯಿಸಿಕೊಳ್ಳಬೇಕು, ಹುಟ್ಟು, ಸಾವು, ಕೈಬದಲಾವಣೆಗಳನ್ನೂ ತಿಳಿಸಬೇಕು. ರಜೆಗೂ ಈ ನೋಂದಣಿಗೂ ಏನು ಸಂಬಂಧವೆಂದು ಕೇಳಬಹುದು. ನೀವು ಊರಿನಲ್ಲಿಲ್ಲದಾಗ ನೆರೆಯವರು ಹಾವು ಕಂಡು ಅರಣ್ಯ ಇಲಾಖೆಗೋ ಪೊಲೀಸರಿಗೋ ಕರೆ ಮಾಡಿದರೆ, ಆ ಹಾವು ಸಕ್ರಮವಾಗಿ ಸಾಕಿದ್ದು ಎಂದು ತೋರಿಸಲು ಇರುವುದು ಆ ಕಾಗದವೊಂದೇ. ಅದರ ಪ್ರತಿ ನಿಮ್ಮ ಮೊಬೈಲಿನಲ್ಲಿಯೂ, ಮನೆಯ ಕೀಲಿ ಪಡೆದವರ ಬಳಿಯೂ ಇರಬೇಕು.

ಹಾವಿಗೆ ಹಸಿವಿನ ಅವಸರ ಏಕಿಲ್ಲ

ಮನುಷ್ಯ, ನಾಯಿ, ಹಸು ಮುಂತಾದ ಪ್ರಾಣಿಗಳು ತಿಂದ ಆಹಾರದ ಬಹುಭಾಗವನ್ನು ಮೈ ಬೆಚ್ಚಗಿಡುವುದಕ್ಕೇ ಖರ್ಚು ಮಾಡುತ್ತವೆ. ಹೊರಗೆ ಚಳಿಯಿರಲಿ, ಬಿಸಿಲಿರಲಿ, ನಮ್ಮ ದೇಹದ ಬಿಸಿ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದಕ್ಕಾಗಿಯೇ ನಮಗೆ ದಿನಕ್ಕೆ ಎರಡು ಮೂರು ಹೊತ್ತಿನ ಊಟ ಬೇಕು. ಹಾವು ಹಾಗೆ ಒಳಗಿನಿಂದ ಬಿಸಿ ತಯಾರಿಸಿಕೊಳ್ಳುವುದಿಲ್ಲ. ಬೆಚ್ಚಗಾಗಬೇಕಾದರೆ ಬಿಸಿಯಾದ ಕಲ್ಲಿನ ಮೇಲೆ ಮಲಗುತ್ತದೆ, ತಂಪಾಗಬೇಕಾದರೆ ಬಿಲ ಸೇರುತ್ತದೆ. ಮೈ ಬಿಸಿ ಮಾಡಿಕೊಳ್ಳುವ ಆ ದೊಡ್ಡ ಖರ್ಚು ಇಲ್ಲದಿರುವುದರಿಂದ, ಅದೇ ತೂಕದ ಸಸ್ತನಿಗೆ ಬೇಕಾಗುವ ಶಕ್ತಿಯ ಸುಮಾರು ಹತ್ತರಲ್ಲೊಂದು ಪಾಲಿನಲ್ಲಿ ಹಾವಿನ ಜೀವನ ನಡೆಯುತ್ತದೆ.

ಇದರ ಜೊತೆಗೆ ಹೆಬ್ಬಾವಿನ ಜಾತಿಯ ಹಾವುಗಳಲ್ಲಿ ಇನ್ನೊಂದು ಬೆರಗಿನ ಏರ್ಪಾಡಿದೆ. ಅವುಗಳ ಜೀರ್ಣಾಂಗ ವರ್ಷವಿಡೀ ದುಡಿಯುವುದಿಲ್ಲ. ಚಿತ್ರದುರ್ಗದ ಕಡೆಯ ಹತ್ತಿ ಜಿನ್ನಿಂಗ್ ಮಿಲ್ಲುಗಳು ಸುಗ್ಗಿಯಲ್ಲಿ ಹತ್ತಿ ಬಂದಾಗ ಹಗಲೂ ರಾತ್ರಿ ತಿರುಗಿ, ಹತ್ತಿ ಮುಗಿದೊಡನೆ ಯಂತ್ರ ನಿಲ್ಲಿಸಿ ಬಾಗಿಲು ಹಾಕುವಂತೆ, ಹೆಬ್ಬಾವಿನ ಕರುಳು ಆಹಾರ ಬಂದಾಗ ಹಿಗ್ಗಿ ದುಡಿದು, ಕೆಲಸ ಮುಗಿದ ಮೇಲೆ ಕುಗ್ಗಿ ಸುಮ್ಮನಾಗುತ್ತದೆ. ಬರ್ಮಾ ಹೆಬ್ಬಾವುಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ದೊಡ್ಡ ಬೇಟೆಯನ್ನು ನುಂಗಿದ ಒಂದೆರಡು ದಿನಗಳಲ್ಲಿ ದೇಹ ಶಕ್ತಿ ವ್ಯಯಿಸುವ ವೇಗ ಸುಮಾರು ನಲವತ್ತು ಪಟ್ಟು ಏರಿದ್ದೂ, ಸಣ್ಣಕರುಳಿನ ತೂಕ ಇಮ್ಮಡಿಯಷ್ಟಾದದ್ದೂ ಕಂಡುಬಂದಿದೆ. ಊಟವಿಲ್ಲದ ದಿನಗಳಲ್ಲಿ ಇಂಥ ಕರುಳನ್ನು ಸಾಕುವ ಖರ್ಚೂ ದೇಹಕ್ಕೆ ಉಳಿಯುತ್ತದೆ.

ಆದ್ದರಿಂದ ಬೆಳೆದ, ಆರೋಗ್ಯವಂತ ಬಾಲ್ ಪೈಥಾನ್‌ಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ ಊಟ ಸಾಕು. ಕೆಲವೊಮ್ಮೆ, ಮುಖ್ಯವಾಗಿ ಗಂಡು ಹಾವುಗಳು, ತಾವಾಗಿಯೇ ವಾರಗಟ್ಟಲೆ ಆಹಾರ ಮುಟ್ಟದೆ ಇರುವುದೂ ಉಂಟು. ಮರಿಗಳ ವಿಷಯ ಬೇರೆ. ಅವು ಬೆಳೆಯುತ್ತಿರುವುದರಿಂದ ಐದಾರು ದಿನಕ್ಕೊಮ್ಮೆ ತಿನ್ನಬೇಕು, ದೇಹದಲ್ಲಿ ಕೂಡಿಟ್ಟ ಕೊಬ್ಬೂ ನೀರೂ ಕಡಿಮೆ. ವರ್ಷ ತುಂಬದ ಮರಿಯನ್ನು ಒಂಟಿಯಾಗಿ ಬಿಟ್ಟು ವಾರದ ಪ್ರವಾಸಕ್ಕೆ ಹೋಗುವುದು ಸರಿಯಲ್ಲ.

ಹೊರಡುವ ಮುಂಚಿನ ಊಟ

ದೂರ ಹೊರಡುವ ಮುನ್ನ ಮನೆಯ ಪ್ರಾಣಿಗೆ ಹೊಟ್ಟೆ ತುಂಬ ಹಾಕಿ ಹೋಗಬೇಕೆನ್ನುವುದು ನಮ್ಮ ಸಹಜ ಪ್ರೀತಿ. ಹಾವಿನ ವಿಷಯದಲ್ಲಿ ಈ ಪ್ರೀತಿಯೇ ಕೆಡುಕಾಗುತ್ತದೆ. ನುಂಗಿದ ಇಲಿ ಜೀರ್ಣವಾಗಲು ದಿನಗಳೇ ಬೇಕು, ಆ ದಿನಗಳುದ್ದಕ್ಕೂ ಹಾವಿಗೆ ಸರಿಯಾದ ಬಿಸಿ ಸಿಗುತ್ತಿರಬೇಕು. ಕರೆಂಟು ಹೋಗಿ ಪೆಟ್ಟಿಗೆ ತಣ್ಣಗಾದರೆ ಜೀರ್ಣಕ್ರಿಯೆ ನಿಧಾನಿಸಿ, ಹೊಟ್ಟೆಯಲ್ಲಿ ಆಹಾರ ಕೊಳೆಯತೊಡಗಿ, ಹಾವು ಅದನ್ನು ಹೊರಗೆ ಕಕ್ಕುತ್ತದೆ. ಅತಿಯಾದ ಸೆಖೆ, ಗಾಬರಿಗಳಿಂದಲೂ ಹೀಗಾಗುತ್ತದೆ. ಕಕ್ಕಿದಾಗ ಗಂಟಲಿಗೆ ಆಮ್ಲದಿಂದ ಗಾಯವಾಗುತ್ತದೆ, ದೇಹದ ನೀರೂ ನಷ್ಟವಾಗುತ್ತದೆ, ಕೊಳೆತ ಪದಾರ್ಥದ ಜೊತೆಯಲ್ಲೇ ಹಾವು ದಿನಗಟ್ಟಲೆ ಬಿದ್ದಿರಬೇಕಾಗುತ್ತದೆ.

ಆದ್ದರಿಂದ ಕೊನೆಯ ಊಟ ಹೊರಡುವುದಕ್ಕೆ ಐದರಿಂದ ಏಳು ದಿನ ಮೊದಲೇ ಮುಗಿದಿರಲಿ. ಅಷ್ಟರಲ್ಲಿ ಆಹಾರ ಅರಗಿ, ಬಹುಮಟ್ಟಿಗೆ ಮಲವಿಸರ್ಜನೆಯೂ ಆಗಿ, ಪೆಟ್ಟಿಗೆಯನ್ನು ತೊಳೆದು ಒಣಗಿಸಿ ಹೋಗಲು ಸಾಧ್ಯವಾಗುತ್ತದೆ. ಊಟದ ಸರದಿ ಪ್ರವಾಸದ ಮಧ್ಯದಲ್ಲಿ ಬಂದರೆ ಬೆಳೆದ ಹಾವಿಗೆ ಆ ಸರದಿಯನ್ನು ಬಿಟ್ಟರೂ ತೊಂದರೆಯಿಲ್ಲ.

ಇನ್ನು ಹಸಿವಾದಾಗ ತಿನ್ನಲೆಂದು ಜೀವಂತ ಇಲಿಯನ್ನು ಪೆಟ್ಟಿಗೆಯಲ್ಲಿ ಬಿಟ್ಟು ಹೋಗುವುದು ಇಬ್ಬರಿಗೂ ಮಾಡುವ ಕ್ರೌರ್ಯ. ಹಾವಿಗೆ ಹಸಿವಿಲ್ಲದ ಹೊತ್ತಿನಲ್ಲಿ ಇಲಿಗೇ ಹಸಿವಾಗುತ್ತದೆ, ಅದು ಸುಮ್ಮನೆ ಮಲಗಿದ ಹಾವಿನ ಬೆನ್ನನ್ನೇ ಕಡಿಯುತ್ತದೆ. ಎಲುಬು ಕಾಣುವಷ್ಟು ಗಾಯಗಳಾಗಿ ಹಾವು ಸಾಯುವುದೂ ಉಂಟು.

ಮುಚ್ಚಿದ ಮನೆಯ ಸೆಖೆ

ಹಾವು ಸಾಕುವುದರ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿದೇಶಗಳಿಂದ ಬಂದವು. ಹಾವನ್ನು ಬೆಚ್ಚಗಿಡುವುದು ಹೇಗೆ, ಹೀಟರ್ ಕೆಟ್ಟರೆ ಏನು ಮಾಡಬೇಕು ಎಂಬುದೇ ಅವುಗಳ ಮುಖ್ಯ ಚಿಂತೆ. ದಾವಣಗೆರೆ–ಚಿತ್ರದುರ್ಗಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 37–38 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಇಲ್ಲಿನ ಚಿಂತೆ ಅದಕ್ಕೆ ತದ್ವಿರುದ್ಧವಾದದ್ದು, ಅದಕ್ಕಾಗಿಯೇ ಈ ಭಾಗವನ್ನು ಸ್ವಲ್ಪ ವಿವರವಾಗಿ ನೋಡಬೇಕಾಗಿದೆ.

ಬಾಲ್ ಪೈಥಾನ್‌ನ ಪೆಟ್ಟಿಗೆಯಲ್ಲಿ ಬೆಚ್ಚಗಿನ ತುದಿ 31ರಿಂದ 33 ಡಿಗ್ರಿ, ತಂಪಾದ ತುದಿ 25ರಿಂದ 27 ಡಿಗ್ರಿ ಇರಬೇಕು. ಕಾರ್ನ್ ಸ್ನೇಕ್‌ಗೆ ಎರಡೂ ತುದಿ ಇದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ಒಂದೇ ಪೆಟ್ಟಿಗೆಯಲ್ಲಿ ಈ ಎರಡು ತುದಿಗಳ ವ್ಯತ್ಯಾಸ ಇರಲೇಬೇಕು, ಏಕೆಂದರೆ ಹಾವಿಗೆ ಬೆವರು ಬರುವುದಿಲ್ಲ. ತನ್ನ ಮೈಯ ಬಿಸಿಯನ್ನು ಅದು ಹೊಂದಿಸಿಕೊಳ್ಳುವುದು ಜಾಗ ಬದಲಿಸುವುದರ ಮೂಲಕ ಮಾತ್ರ. ಕೋಣೆಯೇ 34 ಡಿಗ್ರಿಗೆ ಏರಿದರೆ ಪೆಟ್ಟಿಗೆಯಲ್ಲಿ ತಂಪಾದ ತುದಿ ಎಂಬುದೇ ಉಳಿಯುವುದಿಲ್ಲ, ಹಾವು ಎತ್ತ ಸರಿದರೂ ಒಂದೇ. ಕಾಡಿನಲ್ಲಾದರೆ ಅದು ಆಳದ ಬಿಲಕ್ಕೆ ಇಳಿದು ಪಾರಾಗುತ್ತಿತ್ತು, ಗಾಜಿನ ಪೆಟ್ಟಿಗೆಯಲ್ಲಿ ಆ ದಾರಿಯಿಲ್ಲ. 35 ಡಿಗ್ರಿ ದಾಟಿದ ಬಿಸಿ ಗಂಟೆಗಟ್ಟಲೆ ನಿಂತರೆ ಹಾವಿನ ನರಮಂಡಲಕ್ಕೆ ಅಪಾಯ. 40ರ ಸಮೀಪಕ್ಕೆ ಹೋದರೆ ಅದು ಬದುಕುವುದು ಕಷ್ಟ.

ಹೊರಗೆ 38 ಡಿಗ್ರಿ ಇದ್ದ ದಿನ ಮನೆಯೊಳಗೆ ಎಷ್ಟಿರುತ್ತದೆ ಎಂಬುದು ಮನೆಯ ಮೇಲೆ ನಿಂತಿದೆ. ನಾವು ವಾಸವಿದ್ದಾಗ ಬೆಳಗ್ಗೆ ಕಿಟಕಿ ತೆರೆಯುತ್ತೇವೆ, ಫ್ಯಾನು ಹಾಕುತ್ತೇವೆ, ನೆಲ ಒರೆಸುತ್ತೇವೆ, ಸಂಜೆ ಬಾಗಿಲು ತೆರೆದು ಗಾಳಿ ಬಿಡುತ್ತೇವೆ. ಬೀಗ ಬಿದ್ದ ದಿನ ಇವೆಲ್ಲವೂ ಒಟ್ಟಿಗೆ ನಿಂತುಹೋಗುತ್ತವೆ. ಆರ್‌ಸಿಸಿ ಚಾವಣಿ ಹಗಲೆಲ್ಲ ಬಿಸಿಲನ್ನು ಹೀರಿಕೊಂಡು ಸಂಜೆಯ ಮೇಲೆ ಅದನ್ನು ಒಳಗೆ ಬಿಡತೊಡಗುವುದರಿಂದ, ಮೇಲಂತಸ್ತಿನ ಕೋಣೆಗಳು ಮಧ್ಯಾಹ್ನಕ್ಕಿಂತ ಸಂಜೆ ಏಳೆಂಟು ಗಂಟೆಯ ಹೊತ್ತಿಗೆ ಹೆಚ್ಚು ಕಾದಿರುತ್ತವೆ. ಚಿತ್ರದುರ್ಗದಲ್ಲಿ ಬಂಡೆಗಳ ಮಗ್ಗುಲಲ್ಲೇ ಇರುವ ಮನೆಗಳಿಗೆ ಆ ಬಂಡೆಗಳು ಹಿಡಿದಿಟ್ಟ ಬಿಸಿಯೂ ರಾತ್ರಿಯವರೆಗೆ ತಾಕುತ್ತದೆ. ಶೀಟು ಹೊದಿಸಿದ ಮನೆಯಾದರೆ ಹಗಲಿನಲ್ಲಿ ಒಳಗಿನ ಬಿಸಿ ಹೊರಗಿನದಕ್ಕಿಂತಲೂ ಹೆಚ್ಚಾಗಬಹುದು.

ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ. ಪೆಟ್ಟಿಗೆಗೆ ಥರ್ಮೋಸ್ಟಾಟ್ ಅಳವಡಿಸಿದ್ದೇವೆ, ಅದು ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ಅವರು ನಂಬಿರುತ್ತಾರೆ. ಥರ್ಮೋಸ್ಟಾಟ್ ಎಂದರೆ ಬಿಸಿ ಒಂದು ಮಟ್ಟ ಮುಟ್ಟಿದೊಡನೆ ಹೀಟರಿನ ಕರೆಂಟನ್ನು ಕಡಿದು, ಬಿಸಿ ಇಳಿದಾಗ ಮತ್ತೆ ಕೊಡುವ ಸಲಕರಣೆ. ಅದು ಹೀಟರನ್ನು ಆರಿಸಬಲ್ಲದೇ ಹೊರತು ಕೋಣೆಯನ್ನು ತಂಪು ಮಾಡಲಾರದು. ಹೀಟರ್ ಆರಿದ ಮೇಲೂ ಕೋಣೆ ಕಾಯುತ್ತಲೇ ಇದ್ದರೆ ಥರ್ಮೋಸ್ಟಾಟ್ ಮಾಡಬಹುದಾದದ್ದು ಏನೂ ಇಲ್ಲ. ಥರ್ಮೋಸ್ಟಾಟ್ ಇಲ್ಲದ ಹೀಟಿಂಗ್ ಪ್ಯಾಡನ್ನು ಹಚ್ಚಿಟ್ಟು ಊರಿಗೆ ಹೋಗುವುದಂತೂ ಹಾವಿಗೆ ಸುಟ್ಟಗಾಯ, ಮನೆಗೆ ಬೆಂಕಿ, ಎರಡನ್ನೂ ಕರೆದಂತೆ.

ಹಾಗಾದರೆ ಮಾಡಬೇಕಾದದ್ದೇನು? ಹೊರಡುವುದಕ್ಕೆ ಒಂದು ವಾರ ಮೊದಲು, ಒಂದು ಪೂರ್ತಿ ಹಗಲು–ರಾತ್ರಿ ಆ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ಆರಿಸಿ, ಅತಿ ಹೆಚ್ಚು ಮತ್ತು ಅತಿ ಕಡಿಮೆ ತಾಪಮಾನವನ್ನು ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರನ್ನು ಅಲ್ಲಿ ಇರಿಸಿ ನೋಡಬೇಕು. ಈ ಪರೀಕ್ಷೆಯ ಸಮಯದಲ್ಲಿ ಹಾವು ಬೇರೆ ಕೋಣೆಯಲ್ಲಿರಲಿ. ಅತಿ ಹೆಚ್ಚಿನ ಅಂಕಿ 30 ಡಿಗ್ರಿಯ ಒಳಗೇ ನಿಂತರೆ ಆ ಕೋಣೆ ತಕ್ಕದ್ದು. 32 ದಾಟಿದರೆ ಹಾವನ್ನು ಅಲ್ಲಿ ಬಿಟ್ಟು ಹೋಗಬಾರದು. ಅದೇ ಮನೆಯ ನೆಲಮಾಳಿಗೆ, ಉತ್ತರಕ್ಕೆ ಮುಖವಿರುವ ಒಳಕೋಣೆ, ದಪ್ಪ ಗೋಡೆಯ ಹಳೆಯ ಮನೆಯ ನಡುಮನೆ, ಇವುಗಳಲ್ಲಿ ಯಾವುದು ತಂಪೋ ಅಲ್ಲಿಗೆ ಪೆಟ್ಟಿಗೆಯನ್ನು ಸಾಗಿಸಬೇಕು. ನಿಮ್ಮದು ಮೇಲಂತಸ್ತಿನ ಬಾಡಿಗೆ ಮನೆಯಾಗಿದ್ದು ಕೆಳಗೆ ಪರಿಚಯದವರಿದ್ದರೆ, ಆ ಕೆಲವು ದಿನ ಅವರ ಮನೆಯ ಒಂದು ಮೂಲೆ ಕೇಳುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಜನ ವಾಸವಿರುವ ಮನೆ ಬೀಗ ಹಾಕಿದ ಮನೆಗಿಂತ ಸಾಮಾನ್ಯವಾಗಿ ತಂಪು.

ಪೆಟ್ಟಿಗೆ ಎಲ್ಲೇ ಇರಲಿ, ದಿನದ ಯಾವ ಗಳಿಗೆಯಲ್ಲೂ ಅದರ ಮೇಲೆ ನೇರ ಬಿಸಿಲು ಬೀಳಬಾರದು. ಬೆಳಗ್ಗೆ ನೆರಳಿರುವ ಕೋಣೆಗೆ ಸಂಜೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬರಬಹುದು. ಗಾಜಿನೊಳಗೆ ಸಿಕ್ಕ ಬಿಸಿಲು ಕೆಲವೇ ನಿಮಿಷಗಳಲ್ಲಿ ಪೆಟ್ಟಿಗೆಯನ್ನು ಕೊಲ್ಲುವಷ್ಟು ಕಾಯಿಸಬಲ್ಲದು.

ನೀರು, ತೇವ ಮತ್ತು ಪೊರೆ

ವಾರಗಟ್ಟಲೆ ಊಟ ಬಿಡಬಲ್ಲ ಹಾವು ನೀರನ್ನು ಹಾಗೆ ಬಿಡಲಾರದು. ನಮ್ಮ ಬೇಸಿಗೆಯ ಗಾಳಿ ಬಿಸಿಯಷ್ಟೇ ಅಲ್ಲ, ಬಹಳ ಒಣದೂ ಹೌದು. ನಾಲ್ಕು ದಿನಕ್ಕೆ ಸಾಕೆಂದು ಇಟ್ಟ ಬಟ್ಟಲು ಎರಡೇ ದಿನಕ್ಕೆ ತಳ ಕಾಣಬಹುದು. ಹಾವು ಮೈ ತಂಪು ಮಾಡಿಕೊಳ್ಳಲು ನೀರಿನಲ್ಲಿ ಕುಳಿತು ಅರ್ಧ ನೀರು ಚೆಲ್ಲಬಹುದು, ಅದರಲ್ಲೇ ಮಲ ವಿಸರ್ಜಿಸಿ ಕುಡಿಯದಂತೆ ಮಾಡಬಹುದು. ಆದ್ದರಿಂದ ಎರಡು ಬಟ್ಟಲುಗಳನ್ನು, ಎರಡನ್ನೂ ತಂಪಾದ ತುದಿಯಲ್ಲಿ, ಹಾವು ಒರಗಿದರೂ ಮಗುಚದಷ್ಟು ಭಾರವಾದ ಕಲ್ಲಿನ ಅಥವಾ ಪಿಂಗಾಣಿಯ ಪಾತ್ರೆಗಳಲ್ಲಿ ಇಡಬೇಕು.

ಗಾಳಿಯ ತೇವಾಂಶಕ್ಕೂ ಪೊರೆಗೂ ನೇರ ಸಂಬಂಧವಿದೆ. ಹಾವು ಬೆಳೆದಂತೆ ಹೊರಚರ್ಮವನ್ನು ಇಡಿಯಾಗಿ ಕಳಚುತ್ತದೆ. ಕಳಚುವ ವಾರದಲ್ಲಿ ಕಣ್ಣುಗಳು ಮಬ್ಬು ನೀಲಿಯಾಗುತ್ತವೆ, ಮೈಬಣ್ಣ ಮಾಸುತ್ತದೆ. ಹಳೆಯ ಮತ್ತು ಹೊಸ ಚರ್ಮದ ನಡುವೆ ಜಾರಿಕೆ ಉಂಟಾಗಲು ತೇವ ಬೇಕು. ಬಾಲ್ ಪೈಥಾನ್‌ಗೆ ಶೇಕಡ 55ರಿಂದ 70ರಷ್ಟು, ಕಾರ್ನ್ ಸ್ನೇಕ್‌ಗೆ ಶೇಕಡ 40ರಿಂದ 60ರಷ್ಟು. ಗಾಳಿ ಒಣಗಿದ್ದರೆ ಪೊರೆ ತುಂಡುತುಂಡಾಗಿ ಅಂಟಿಕೊಳ್ಳುತ್ತದೆ, ಕಣ್ಣಿನ ಮೇಲಿನ ಪಾರದರ್ಶಕ ಪೊರೆ ಉಳಿದರೆ ದೃಷ್ಟಿಗೇ ತೊಂದರೆ, ಬಾಲದ ತುದಿಗೆ ಬಿಗಿದುಕೊಂಡರೆ ರಕ್ತ ಸಂಚಾರ ನಿಂತು ಆ ತುದಿ ಕೊಳೆಯಬಹುದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾವು ನುಸುಳುವಷ್ಟು ತೂತು ಮಾಡಿ, ಒಳಗೆ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ತುಂಬಿಟ್ಟರೆ ತೇವವಿರುವ ಒಳ್ಳೆಯ ಅಡಗುತಾಣವಾಗುತ್ತದೆ. ನಾರಿನ ಪುಡಿ ನಮ್ಮ ಕಡೆ ಸುಲಭವಾಗಿ ಸಿಗುವ ವಸ್ತು. ಕಣ್ಣು ಮಬ್ಬಾಗಿರುವ ಹಾವನ್ನು ಬಿಟ್ಟು ಹೋಗುವ ಬದಲು, ಸಾಧ್ಯವಿದ್ದರೆ ಪ್ರಯಾಣವನ್ನೇ ಕೆಲವು ದಿನ ಮುಂದೂಡುವುದು ಒಳ್ಳೆಯದು.

ಚಳಿಗಾಲದಲ್ಲಿ ಹೊರಟರೆ

ಡಿಸೆಂಬರ್–ಜನವರಿಯ ಪ್ರವಾಸಕ್ಕೆ ಲೆಕ್ಕ ತಿರುವುಮುರುವಾಗುತ್ತದೆ. ರಾತ್ರಿ ಹೊರಗಿನ ತಾಪಮಾನ 15–16 ಡಿಗ್ರಿಗೆ ಇಳಿದರೂ ಮುಚ್ಚಿದ ಕಾಂಕ್ರೀಟ್ ಮನೆಯೊಳಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಹೊಟ್ಟೆ ಖಾಲಿಯಿರುವ ಕಾರ್ನ್ ಸ್ನೇಕ್‌ಗೆ ಒಂದೆರಡು ರಾತ್ರಿಯ ಇಂಥ ತಂಪು ಸಹನೀಯ. ಬಾಲ್ ಪೈಥಾನ್‌ಗೆ ದಿನಗಟ್ಟಲೆ ಚಳಿ ತಾಕಿದರೆ ಶ್ವಾಸಕೋಶದ ಸೋಂಕು ಹತ್ತಬಹುದು, ಅದಕ್ಕೆ ಥರ್ಮೋಸ್ಟಾಟ್ ಸಹಿತವಾದ ಹೀಟರ್ ಬೇಕೇ ಬೇಕು. ಕರೆಂಟು ಹೋಗಿ ಬಂದ ಮೇಲೆ ಹಳೆಯ ಸೆಟ್ಟಿಂಗಿನಲ್ಲೇ ತಾನಾಗಿ ಮತ್ತೆ ಶುರುವಾಗುವ ಥರ್ಮೋಸ್ಟಾಟ್ ನಿಮ್ಮದೇ ಎಂಬುದನ್ನು ಪ್ಲಗ್ ಕಿತ್ತು ಹಾಕಿ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಮನೆಗೆ ಇನ್ವರ್ಟರ್ ಇದ್ದರೆ ಹೀಟರಿನ ಪ್ಲಗ್ ಅದರ ಸಾಲಿಗೆ ಸೇರಿದೆಯೇ ಎಂದೂ ನೋಡಬೇಕು. ಹಲವು ಮನೆಗಳಲ್ಲಿ ಇನ್ವರ್ಟರ್ ಸಾಲು ದೀಪ, ಫ್ಯಾನುಗಳಿಗೆ ಮಾತ್ರ ಇರುತ್ತದೆ.

ಇರುವೆ ಮತ್ತು ವಿಷದ ಹೊಗೆ

ಖಾಲಿ ಮನೆಯಲ್ಲಿ ಕೆಂಪಿರುವೆ ಸಾಲುಗಟ್ಟುವುದು ನಮಗೆಲ್ಲ ಗೊತ್ತು. ಮಲ, ಕಕ್ಕಿದ ಆಹಾರ, ಕೆಲವೊಮ್ಮೆ ಕೇವಲ ನೀರಿನ ವಾಸನೆಗೆ ಅವು ಪೆಟ್ಟಿಗೆಯೊಳಗೆ ಬರುತ್ತವೆ, ಓಡಿಹೋಗಲು ಜಾಗವಿಲ್ಲದ ಮರಿಹಾವನ್ನು ಕೊಲ್ಲಲೂಬಲ್ಲವು. ಪೆಟ್ಟಿಗೆಯಿಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಡುವ ಹಳೆಯ ಮನೆಗಳ ಉಪಾಯ ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಮೇಜು ಗೋಡೆಗೆ ತಾಗದಂತಿದ್ದರೆ ಸಾಕು. ಇರುವೆಗೆಂದು ಲಕ್ಷ್ಮಣರೇಖೆ ಎಳೆಯುವುದು, ಜಿರಳೆಗೆ ಸ್ಪ್ರೇ ಹೊಡೆಯುವುದು, ಕಪಾಟುಗಳಲ್ಲಿ ನುಸಿಗುಳಿಗೆ ಇಡುವುದು, ಖಾಲಿ ಮನೆಯೆಂದು ಅದೇ ವಾರ ಕೀಟನಾಶಕ ಸಿಂಪಡಿಸುವವರನ್ನು ಕರೆಸುವುದು, ಇವೆಲ್ಲ ಹಾವಿಗೆ ವಿಷ. ಗಾಳಿಯಾಡದ ಮನೆಯಲ್ಲಿ ಆ ಆವಿ ದಿನಗಟ್ಟಲೆ ಉಳಿಯುತ್ತದೆ.

ಎಷ್ಟು ದಿನ ಬಿಡಬಹುದು

ಹಾವು ಬೆಳೆದದ್ದಾಗಿ, ಆರೋಗ್ಯವಾಗಿದ್ದು, ಮೇಲೆ ಹೇಳಿದ ತಾಪಮಾನದ ಪರೀಕ್ಷೆಯಲ್ಲಿ ಕೋಣೆ ತೇರ್ಗಡೆಯಾಗಿದ್ದರೆ ಮೂರು ನಾಲ್ಕು ದಿನ ಯಾರೂ ನೋಡದಿದ್ದರೂ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಎರಡು ಮೂರು ದಿನಕ್ಕೊಮ್ಮೆ ಒಬ್ಬರು ಬಂದು ನೀರು, ತಾಪಮಾನ ನೋಡಬೇಕು. ಏಪ್ರಿಲ್–ಮೇ ತಿಂಗಳಿನಲ್ಲಿ ದಿನಕ್ಕೊಮ್ಮೆ, ಸಾಧ್ಯವಾದರೆ ಸಂಜೆಯ ಹೊತ್ತಿನಲ್ಲಿ, ಬಂದು ನೋಡುವವರು ಇರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವೈಫೈ ಕ್ಯಾಮೆರಾ ಇಟ್ಟರೆ ಸಹಾಯವಾಗುತ್ತದೆ ನಿಜ, ಆದರೆ ಧರ್ಮಸ್ಥಳದಲ್ಲಿ ಕುಳಿತು ಪೆಟ್ಟಿಗೆ 36 ಡಿಗ್ರಿ ಆಗಿದ್ದನ್ನು ನೋಡಿದವರು, ಇಲ್ಲಿ ಬಾಗಿಲು ತೆರೆಯುವ ಒಬ್ಬರಿಲ್ಲದಿದ್ದರೆ ಏನು ಮಾಡಲಾದೀತು?

ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಮೃಗಾಲಯವಾಗಲಿ, ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯವಾಗಲಿ ಮನೆಯ ಸಾಕುಪ್ರಾಣಿಗಳನ್ನು ರಜೆಗೆ ಇಟ್ಟುಕೊಳ್ಳುವ ಸ್ಥಳಗಳಲ್ಲ. ಹಾವನ್ನು ಜೊತೆಯಲ್ಲೇ ಕರೆದೊಯ್ಯುವುದೂ ಬೇಡ. ಪ್ರಯಾಣದ ಅಲುಗಾಟ, ಹೊಸ ಜಾಗ, ನಿಲ್ಲಿಸಿದ ಕಾರಿನೊಳಗಿನ ಬಿಸಿ, ಇವುಗಳಿಗಿಂತ ಪರಿಚಿತ ಪೆಟ್ಟಿಗೆಯ ಕತ್ತಲೆಯೇ ಹಾವಿಗೆ ಹಿತ.

ನೋಡಿಕೊಳ್ಳುವವರಿಗೆ ಹೇಳಬೇಕಾದ ಮಾತು

ಪಕ್ಕದ ಮನೆಯ ಅಕ್ಕನವರನ್ನೋ, ಚಿಕ್ಕಪ್ಪನ ಮಗನನ್ನೋ ಈ ಕೆಲಸಕ್ಕೆ ಕೇಳುವಾಗ ಅವರ ಹೆದರಿಕೆಯನ್ನು ಹಗುರವಾಗಿ ಕಾಣಬಾರದು. ವಿಷಪೂರಿತ ಹಾವುಗಳಿರುವ ಜಿಲ್ಲೆಯಲ್ಲಿ ಹಾವಿಗೆ ಅಂಜುವುದು ವಿವೇಕವೇ. ಅವರು ಹಾವನ್ನು ಮುಟ್ಟಬೇಕಾಗಿಲ್ಲ, ಊಟ ಕೊಡಬೇಕಾಗಿಲ್ಲ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಹೊರಡುವ ಮುನ್ನ ಒಮ್ಮೆ ಕರೆದು, ಮುಚ್ಚಳವನ್ನು ಎಷ್ಟು ತೆರೆಯಬೇಕು, ಉದ್ದ ಮೂತಿಯ ಜಗ್ಗಿನಿಂದ ನೀರು ಹೇಗೆ ಸುರಿಯಬೇಕು, ಚಿಲಕ ಹೇಗೆ ಹಾಕಬೇಕು ಎಂಬುದನ್ನು ನಿಮ್ಮ ಎದುರೇ ಮಾಡಿಸಿ ನೋಡಬೇಕು. ಹಾವು ಎರಡು ದಿನದಿಂದ ಅಡಗುತಾಣ ಬಿಟ್ಟು ಅಲುಗಾಡಿಲ್ಲವೆಂದರೆ ಸತ್ತಿದೆ ಎಂದರ್ಥವಲ್ಲ, ಅದು ಹಾವಿನ ಸ್ವಭಾವ ಎಂದೂ ತಿಳಿಸಿರಬೇಕು.

ಒಂದು ಮಾತನ್ನು ನಮ್ಮ ಕಡೆ ವಿಶೇಷವಾಗಿ ಹೇಳಬೇಕಾಗುತ್ತದೆ. ನಾಗರಪಂಚಮಿಗೆ ಹುತ್ತಕ್ಕೆ, ನಾಗರಕಲ್ಲಿಗೆ ಹಾಲೆರೆದು ಬೆಳೆದ ಹಿರಿಯರು, ಮನೆಯವರಿಲ್ಲದಾಗ ಹಾವು ಹಸಿದಿರಬಾರದೆಂಬ ಭಕ್ತಿಯಿಂದಲೇ ಬಟ್ಟಲಿಗೆ ಹಾಲು ಹಾಕಬಹುದು. ಹಾವಿಗೆ ಹಾಲು ಆಹಾರವಲ್ಲ, ಅದನ್ನು ಅರಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಬಾಯಾರಿದ ಹಾವು ಬೇರೇನೂ ಸಿಗದೆ ಕುಡಿದರೆ ಕಾಯಿಲೆ ಬೀಳುತ್ತದೆ, ಉಳಿದ ಹಾಲು ಹುಳಿತು ಇರುವೆಗಳನ್ನು ಕರೆಯುತ್ತದೆ. ಅವರ ಭಾವನೆಗೆ ನೋವಾಗದಂತೆ, ನೀರನ್ನಷ್ಟೇ ಹಾಕಿ ಅಜ್ಜಿ ಎಂದು ಮೊದಲೇ ವಿನಂತಿಸಿಕೊಂಡರೆ ಸಾಕು.

ಪೆಟ್ಟಿಗೆಯನ್ನೋ ಬಟ್ಟಲನ್ನೋ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಆರೋಗ್ಯವಂತ ಹಾವಿನ ಕರುಳಿನಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದು ಮನುಷ್ಯರಲ್ಲಿ ವಾಂತಿ, ಭೇದಿ, ಜ್ವರ ತರುತ್ತದೆ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯವರಿಗೆ ಈ ಹೊಣೆ ಹೊರಿಸದಿರುವುದೇ ಲೇಸು. ಬಟ್ಟಲುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ಸೆಖೆ ವಿಪರೀತವಾದ ದಿನ ಅವರು ಮಾಡಬಹುದಾದ ಒಂದು ಸುಲಭ ಉಪಕಾರವಿದೆ: ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ಹೊರಗೆ, ತಂಪಾದ ತುದಿಯ ಗಾಜಿಗೆ ತಾಗಿಸಿ ಇಡುವುದು. ಹಾವು ಬಾಯಿ ತೆರೆದು ಉಸಿರಾಡುತ್ತಿದ್ದರೆ, ತಲೆಯನ್ನು ವಿಚಿತ್ರವಾಗಿ ಮೇಲಕ್ಕೆ ತಿರುಚುತ್ತಿದ್ದರೆ ಕೂಡಲೇ ಕರೆ ಮಾಡಬೇಕೆಂದು ಹೇಳಿರಬೇಕು. ಹಾವಿಗೆ ಚಿಕಿತ್ಸೆ ನೀಡುವ ವೈದ್ಯರು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಊರಿನ ಪಶುವೈದ್ಯರು ನೋಡುವರೇ, ಶಿವಮೊಗ್ಗದ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬೇಕೇ ಎಂಬುದನ್ನು ಕಾಯಿಲೆ ಬರುವ ಮೊದಲೇ ವಿಚಾರಿಸಿ, ಆ ಸಂಖ್ಯೆಗಳನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಬೇಕು.

ಪೆಟ್ಟಿಗೆಯ ಹೊರಗೆ ಹಾವು ಕಂಡರೆ

ಹಾವುಗಳು, ಅದರಲ್ಲೂ ಕಾರ್ನ್ ಸ್ನೇಕ್‌ಗಳು, ಮುಚ್ಚಳವನ್ನು ಮೂತಿಯಿಂದ ತಳ್ಳಿ ಸಂದು ಮಾಡಿಕೊಳ್ಳುವುದರಲ್ಲಿ ನಿಪುಣ. ತಲೆ ತೂರಿದಲ್ಲಿ ಮೈಯೂ ತೂರುತ್ತದೆ. ಮುಚ್ಚಳದ ಮೇಲೆ ಕಲ್ಲು ಹೇರುವುದನ್ನು ನಂಬದೆ ಚಿಲಕ ಹಾಕಿ, ಸಣ್ಣ ಬೀಗ ಜಡಿಯಬೇಕು.

ಇಷ್ಟೆಲ್ಲ ಮಾಡಿಯೂ ನೋಡಿಕೊಳ್ಳುವವರಿಗೆ ನೆಲದ ಮೇಲೆ ಹಾವೊಂದು ಕಂಡಿತು ಎನ್ನೋಣ. ಆಗ ಅವರು ಪಾಲಿಸಬೇಕಾದ ನಿಯಮ ಒಂದೇ: ಪೆಟ್ಟಿಗೆಯ ಹೊರಗಿರುವ ಯಾವ ಹಾವನ್ನೂ ಸಾಕಿದ ಹಾವೆಂದು ತಿಳಿದು ಮುಟ್ಟಬಾರದು. ಬೀಗ ಹಾಕಿದ ಮನೆಗೆ ಬೇಸಿಗೆಯಲ್ಲಿ ತಂಪು, ಇಲಿ, ಹಲ್ಲಿ ಅರಸಿ ನಮ್ಮ ನೆಲದ ಹಾವುಗಳೂ ಬರುತ್ತವೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ಕಡಿತವೂ ಪ್ರಾಣಾಂತಿಕ. ಕಂದು ಮೈಮೇಲೆ ದೊಡ್ಡ ಮಚ್ಚೆಗಳಿರುವ ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ತಪ್ಪು ತಿಳಿದು ಹಿಡಿಯಲು ಹೋಗಿ ಕಚ್ಚಿಸಿಕೊಂಡವರಿದ್ದಾರೆ. ಮನೆಯಲ್ಲಿ ಬಾಲ್ ಪೈಥಾನ್ ಇದೆಯೆಂದು ಗೊತ್ತಿರುವವರಿಗೆ ಈ ಭ್ರಮೆ ಇನ್ನೂ ಸುಲಭವಾಗಿ ಉಂಟಾಗಬಹುದು. ಮಕ್ಕಳನ್ನು ದೂರ ಸರಿಸಿ, ಆ ಕೋಣೆಯ ಬಾಗಿಲು ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಮಾಲೀಕರಿಗೂ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಕರೆ ಮಾಡಬೇಕು. ಕಚ್ಚಿದ್ದರೆ ಹಾವು ಯಾವುದೆಂದು ಹುಡುಕುತ್ತ ನಿಲ್ಲದೆ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.

ಪೆಟ್ಟಿಗೆ ಖಾಲಿಯಿದ್ದು ಹಾವು ಎಲ್ಲೂ ಕಾಣದಿದ್ದರೆ ಫ್ರಿಜ್ಜಿನ ಹಿಂಭಾಗ, ಇನ್ವರ್ಟರ್ ಬ್ಯಾಟರಿಯ ಸಂದು, ಚಪ್ಪಲಿ ಗೂಡು, ಮಂಚದ ಪೆಟ್ಟಿಗೆ ಮುಂತಾದ ಕತ್ತಲೆಯ, ಇಕ್ಕಟ್ಟಾದ ಜಾಗಗಳಲ್ಲಿ ಇರುವುದೇ ಹೆಚ್ಚು. ಹುಡುಕುವ ಕೆಲಸವನ್ನು ಮಾಲೀಕರು ಬಂದು ಮಾಡಲಿ. ಹಾವು ಬೇಡವಾಯಿತೆಂದು ಜೋಗಿಮಟ್ಟಿಯ ಕಾಡಿಗೋ, ಸೂಳೆಕೆರೆಯ ಅಂಚಿಗೋ ಬಿಟ್ಟುಬರುವುದು ಯಾವ ಸ್ಥಿತಿಯಲ್ಲೂ ಸಲ್ಲದು. ಅಮೆರಿಕದ ಫ್ಲೋರಿಡಾದಲ್ಲಿ ಸಾಕಣೆಯಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗುಪ್ರದೇಶದ ಮಧ್ಯಮ ಗಾತ್ರದ ಸಸ್ತನಿಗಳನ್ನು ಬಹುಪಾಲು ತಿಂದು ತೀರಿಸಿರುವುದು ಇದರ ಪರಿಣಾಮ ಎಲ್ಲಿಗೆ ಮುಟ್ಟಬಹುದೆಂಬುದನ್ನು ತೋರಿಸಿದೆ.

ಮರಳಿ ಬಂದ ಮೇಲೆ

ಊರಿನಿಂದ ಬಂದ ದಿನವೇ ಊಟ ಕೊಡುವ ಅವಸರ ಬೇಡ. ಮೊದಲು ಹೊಸ ನೀರು ಇಟ್ಟು, ಥರ್ಮಾಮೀಟರಿನಲ್ಲಿ ಉಳಿದಿರುವ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳನ್ನು ಬರೆದುಕೊಂಡರೆ ಮುಂದಿನ ಪ್ರವಾಸಕ್ಕೆ ಆ ಕೋಣೆ ತಕ್ಕದ್ದೋ ಅಲ್ಲವೋ ಎಂಬುದಕ್ಕೆ ಆಧಾರ ಸಿಗುತ್ತದೆ. ಆಮೇಲೆ ಹಾವನ್ನು ಮೆಲ್ಲಗೆ ಎತ್ತಿ, ಚರ್ಮವನ್ನು ಮೃದುವಾಗಿ ಹಿಡಿದು ಬಿಟ್ಟಾಗ ಮಡಿಕೆ ಹಾಗೆಯೇ ನಿಲ್ಲುತ್ತದೆಯೇ, ಕಣ್ಣು ಗುಳಿಬಿದ್ದಿದೆಯೇ ಎಂದು ನೋಡಬೇಕು. ಇವೆರಡೂ ದೇಹದಲ್ಲಿ ನೀರು ಕಡಿಮೆಯಾದುದರ ಗುರುತು. ಮೂಗಿನಲ್ಲಿ ಗುಳ್ಳೆ, ಉಸಿರಾಟದಲ್ಲಿ ಸಿಳ್ಳೆಯ ಸದ್ದು ಇದ್ದರೆ ಶ್ವಾಸಕೋಶದ ಸೋಂಕಿನ ಸಂಶಯ. ಪೊರೆ ಕಳಚಿದ್ದರೆ ಅದು ಇಡಿಯಾಗಿ ಬಂದಿದೆಯೇ, ಕಣ್ಣಿನ ಪೊರೆಯೂ ಅದರಲ್ಲಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು.

ಹೊರಡುವ ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೇ ಆದರೂ ಹಾವಿಗೆಂದೇ ಬೇರೆ ಇಟ್ಟ ತಕ್ಕಡಿಯಲ್ಲಿ ತೂಕ ಬರೆದಿಟ್ಟಿದ್ದರೆ ಈಗ ಹೋಲಿಸಿ ನೋಡಲು ಬರುತ್ತದೆ. ಒಂದು ವಾರದ ಉಪವಾಸಕ್ಕೆ ಬೆಳೆದ ಹಾವಿನ ತೂಕದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ನೂರಕ್ಕೆ ಹತ್ತರಷ್ಟು ಇಳಿದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಎಲ್ಲವೂ ಸರಿಯಿದ್ದರೆ ಪೆಟ್ಟಿಗೆಯ ಬಿಸಿ ಎಂದಿನ ಮಟ್ಟಕ್ಕೆ ಬಂದು ಒಂದೆರಡು ದಿನ ಕಳೆದ ಮೇಲೆ ಎಂದಿನ ಗಾತ್ರದ ಊಟ ಕೊಡಬಹುದು. ನೀವಿಲ್ಲದಾಗ ಆಹಾರ ಕಕ್ಕಿರುವುದು ಕಂಡುಬಂದರೆ ಮಾತ್ರ ಹತ್ತರಿಂದ ಹದಿನಾಲ್ಕು ದಿನ ನೀರನ್ನಷ್ಟೇ ಕೊಟ್ಟು, ಆಮೇಲೆ ಎಂದಿನದರ ಅರ್ಧದಷ್ಟು ಗಾತ್ರದ ಇಲಿಯಿಂದ ಮತ್ತೆ ಶುರು ಮಾಡಬೇಕು.